ಕಾರ್ಬನ್ ಪ್ರತಿ ನುಡಿದ ಸಾಕ್ಷಿ

ಗ್ವಾಟೆಮಾಲಾ ನಗರದಲ್ಲಿ 1984ರ ಫೆಬ್ರವರಿ 18ರಂದು ಎಡ್ಗರ್ ಫರ್ನಾಂಡೊ ಗಾರ್ಸಿಯಾ ಎಂಬ ಯುವ ಕಾರ್ಮಿಕ ಮುಖಂಡರನ್ನು ಪೊಲೀಸರು ಹಿಡಿದರು. ಆಮೇಲೆ ಅವರು ಮನೆಗೆ ಮರಳಲಿಲ್ಲ. ಎಳೆ ಮಗುವಿನ ತಾಯಿಯಾಗಿದ್ದ ಪತ್ನಿ ನಿನೆತ್ ಮಾಂಟೆನೆಗ್ರೊ ಕಚೇರಿಯಿಂದ ಕಚೇರಿಗೆ ಅಲೆದರು. ನಮ್ಮಲ್ಲಿಲ್ಲ, ನಮಗೆ ಗೊತ್ತಿಲ್ಲ ಎಂಬ ಉತ್ತರವೇ ಎಲ್ಲೆಡೆ. ಅದೇ ಇಲಾಖೆಯ ಒಳಗೆ ಇನ್ನೊಂದು ಕಾಗದ ಸದ್ದಿಲ್ಲದೆ ತಯಾರಾಗಿತ್ತು: ಅದೇ ದಿನ ಎಲ್ ಗ್ವಾರ್ದಾ ಮಾರುಕಟ್ಟೆಯ ಬಳಿ ನಡೆಸಿದ ಕಾರ್ಯಾಚರಣೆಗಾಗಿ ನಾಲ್ವರು ಪೊಲೀಸರನ್ನು ಗೌರವಿಸಬೇಕೆಂಬ ಶಿಫಾರಸು. 26 ವರ್ಷಗಳ ನಂತರ, 2010ರ ಅಕ್ಟೋಬರಿನಲ್ಲಿ, ಅವರಲ್ಲಿ ಇಬ್ಬರಿಗೆ ನ್ಯಾಯಾಲಯ ತಲಾ 40 ವರ್ಷ ಜೈಲು ವಿಧಿಸಿತು. ಹಿಡಿದೊಯ್ದವರನ್ನು ಹೊಗಳಲು ಬರೆದ ಕಾಗದವೇ ಅವರ ವಿರುದ್ಧ ಸಾಕ್ಷಿ ನುಡಿಯಿತು.

ಆ ಕಾಗದ ಸಿಕ್ಕಿದ್ದು ಆಕಸ್ಮಿಕವಾಗಿ. 2005ರಲ್ಲಿ ಸೇನಾನೆಲೆಯೊಂದರಲ್ಲಿ ಮದ್ದುಗುಂಡು ಸಿಡಿದಿತ್ತು. ಪೊಲೀಸ್ ಆವರಣವೊಂದರಲ್ಲೂ ಸ್ಫೋಟಕಗಳಿವೆ ಎಂದು ಅಕ್ಕಪಕ್ಕದ ಜನ ಹೆದರಿದ್ದರು. ಜುಲೈನಲ್ಲಿ ಮಾನವ ಹಕ್ಕುಗಳ ಪ್ರಾಸಿಕ್ಯೂಟರ್ ಕಚೇರಿಯ ಸಿಬ್ಬಂದಿ ತಪಾಸಣೆಗೆ ಹೋದಾಗ ಕಂಡದ್ದು ಕಾಗದದ ಗುಡ್ಡ. ಆಸ್ಪತ್ರೆಯಾಗಬೇಕಿದ್ದು ಅರ್ಧಕ್ಕೇ ನಿಂತ ಕಟ್ಟಡ. ಒಂದು ಕಾಲಕ್ಕೆ ಅಲ್ಲಿ ಜನರನ್ನು ಕೂಡಿಹಾಕುತ್ತಿದ್ದರು, ಅದನ್ನು ‘ಲಾ ಇಸ್ಲಾ’, ಅಂದರೆ ದ್ವೀಪ ಎನ್ನುತ್ತಿದ್ದರು. ಒಡೆದ ಕಿಟಕಿ, ಬಾವಲಿ, ಇಲಿ, ತೇವಕ್ಕೆ ಅಂಟಿಕೊಂಡ ಕಟ್ಟುಗಳು. 19ನೇ ಶತಮಾನದ ಕೊನೆಯಿಂದ ಹಿಡಿದು, ಅಂತರ್ಯುದ್ಧಕ್ಕೆ ತೆರೆ ಎಳೆದ 1996ರ ಶಾಂತಿ ಒಪ್ಪಂದದ ನಂತರ ಹಳೆಯ ಪೊಲೀಸ್ ಪಡೆಯನ್ನು ವಿಸರ್ಜಿಸುವವರೆಗಿನ ಸುಮಾರು 8 ಕೋಟಿ ಪುಟಗಳು. ಸತ್ಯಶೋಧನಾ ಆಯೋಗ ಕೇಳಿದಾಗ ಇಂಥ ದಾಖಲೆಗಳಿಲ್ಲ ಎಂದೇ ಸರ್ಕಾರ ಹೇಳಿತ್ತು.

ಇಂಥ ರಾಶಿಯ ಮುಂದೆ ನಿಂತಾಗ ಮೊದಲು ಏನು ಹುಡುಕುತ್ತೀರಿ? ಇದನ್ನು ಪತ್ರಾಗಾರವಾಗಿಸುವ ಕೆಲಸಕ್ಕೆ ಸೇರಿದವರಲ್ಲಿ ಕಾಣೆಯಾದವರ ಮಕ್ಕಳೂ ಹಳೆಯ ಹೋರಾಟಗಾರರೂ ಇದ್ದರು. ಕೈ ಹೆಸರುಗಳನ್ನೇ ಹುಡುಕಿತು. ಅಪ್ಪನ ಹೆಸರು, ಗೆಳೆಯನ ಹೆಸರು. ಆ ತವಕವನ್ನು ಯಾರು ತಾನೆ ತಪ್ಪೆನ್ನುತ್ತಾರೆ? ಆದರೆ ಸಲಹೆಗೆಂದು ಬಂದ ಅಮೆರಿಕದ ಪತ್ರಾಗಾರ ತಜ್ಞೆ ಟ್ರೂಡಿ ಪೀಟರ್ಸನ್ ಕಲಿಸಿದ್ದು ಕಠಿಣ ಪಾಠ: ಕಾಗದವನ್ನು ಅದರ ಜಾಗದಿಂದ ಕಿತ್ತು ಹೆಸರಿನ ಪ್ರಕಾರ ಗುಂಪು ಮಾಡಬೇಡಿ, ಯಾವ ವಿಭಾಗದ ಯಾವ ಕಟ್ಟಿನಲ್ಲಿತ್ತೋ ಅಲ್ಲೇ ಇರಲಿ.

ಕಟ್ಟುಗಳ ಮೂಲ ಕ್ರಮ ಕಾಯ್ದದ್ದೇ ಈ ಪತ್ರಾಗಾರದ ದೊಡ್ಡ ಸಾಧನೆ ಎಂಬುದು ನನ್ನ ನಿಲುವು. ತಾಲ್ಲೂಕು ಕಚೇರಿಯ ಕಡತವೊಂದರ ಹಿಂದೆ ಬಿದ್ದು ಅಲೆದವರಿಗೆ ಇದರ ಬೆಲೆ ತಟ್ಟನೆ ತಿಳಿಯುತ್ತದೆ. ಒಳಬಂದ ಟಪಾಲಿಗೆ ಸಂಖ್ಯೆ ಬೀಳುತ್ತದೆ, ಮೊಹರು ಬೀಳುತ್ತದೆ, ಮೇಲಿನವರು ಅಂಚಿನಲ್ಲಿ ಷರಾ ಬರೆಯುತ್ತಾರೆ, ಕಾರ್ಬನ್ ಪ್ರತಿ ಇನ್ನೊಂದು ಮೇಜಿಗೆ ಹೋಗುತ್ತದೆ. ಯಾರಿಗೆ ಯಾವಾಗ ಗೊತ್ತಿತ್ತು ಎಂಬುದನ್ನು ಹೇಳುವುದು ಈ ಓಡಾಟವೇ. ಕಟ್ಟು ಬಿಚ್ಚಿ ಬೆರೆಸಿಬಿಟ್ಟರೆ ಹೆಸರು ಸಿಗುತ್ತದೆ, ಹೊಣೆಗಾರ ತಪ್ಪಿಸಿಕೊಳ್ಳುತ್ತಾನೆ. ಕ್ರಮ ಕೆಡದೆ ಉಳಿದದ್ದರಿಂದಲೇ 2013ರಲ್ಲಿ ಗಾರ್ಸಿಯಾ ಪ್ರಕರಣ ಬೀದಿಯಲ್ಲಿ ಬಂದೂಕು ಹಿಡಿದವರನ್ನು ದಾಟಿ, ಆಗ ರಾಷ್ಟ್ರೀಯ ಪೊಲೀಸ್ ಮುಖ್ಯಸ್ಥನಾಗಿದ್ದ ಹೆಕ್ಟರ್ ಬೋಲ್ ದೆ ಲಾ ಕ್ರೂಸ್‌ನ ಮೇಜಿನವರೆಗೆ ಏರಿತು. ಕಾಗದಗಳು ಇಲಾಖೆಯೊಳಗೆ ಹೇಗೆ ಹರಿದವೆಂದು ಸಂಖ್ಯಾಶಾಸ್ತ್ರಜ್ಞರು ನ್ಯಾಯಾಲಯದಲ್ಲಿ ವಿವರಿಸಿದರು. ಅವನಿಗೂ 40 ವರ್ಷ. ಧೂಳು ಕೊಡವಿ, ಬ್ರಷ್ಷಿನಲ್ಲಿ ಒರೆಸಿ, ಒಂದೊಂದೇ ಹಾಳೆ ಸ್ಕ್ಯಾನ್ ಮಾಡಿದ ಆ ಯುವಕ ಯುವತಿಯರಿಗೆ ಈ ತೀರ್ಪಿನ ಶ್ರೇಯ ವಕೀಲರಿಗೆ ಸಲ್ಲುವಷ್ಟೇ ಸಲ್ಲಬೇಕು.

ಇಷ್ಟು ಮೆಚ್ಚಿದ ಮೇಲೆ ಕೊರತೆಯನ್ನೂ ಹೇಳಬೇಕು. ಆಯೋಗದ 1999ರ ವರದಿಯ ಪ್ರಕಾರ 36 ವರ್ಷಗಳ ಆ ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು. ಗುರುತಿಸಲಾದ ಬಲಿಪಶುಗಳಲ್ಲಿ ಶೇ 83ರಷ್ಟು ಮಾಯಾ ಜನ. ಅವರು ಸತ್ತದ್ದು ಹೆಚ್ಚಾಗಿ ಬೆಟ್ಟದ ಹಳ್ಳಿಗಳಲ್ಲಿ, ಸೇನೆಯ ಕೈಯಲ್ಲಿ. ಪೊಲೀಸರ ಕಾಗದ ಬೆಳಕು ಚೆಲ್ಲುವುದು ಮುಖ್ಯವಾಗಿ ನಗರದ ಮೇಲೆ: ವಿದ್ಯಾರ್ಥಿ, ಕಾರ್ಮಿಕ, ಪ್ರಾಧ್ಯಾಪಕ. ಟೈಪ್‌ರೈಟರ್ ತಲುಪದ ಊರಿನಲ್ಲಿ ಸುಟ್ಟುಹೋದ ಮನೆಯ ತಾಯಿಗೆ ಇಲ್ಲಿ ಕಡತವಿಲ್ಲ. ಅಂಥ ಹಳ್ಳಿಗಳ ಮೇಲೆ ಸೇನೆ ನಡೆಸಿದ ‘ಆಪರೇಷನ್ ಸೋಫಿಯಾ’ದ ದಾಖಲೆಗಳು ಹೊರಬಂದದ್ದು ಯಾರೋ ಗುಟ್ಟಾಗಿ ದಾಟಿಸಿದ್ದರಿಂದ. ಜೊತೆಗೆ, ಈ ಪುಟಗಳಲ್ಲಿ ಮಾತಾಡುವುದು ಪೊಲೀಸರು. ಅಲ್ಲಿ ಗಾರ್ಸಿಯಾ ಗಂಡನಾಗಲಿ ತಂದೆಯಾಗಲಿ ಆಗಿ ಬರುವುದಿಲ್ಲ, ‘ವಿಧ್ವಂಸಕ’ನಾಗಿ ಬರುತ್ತಾರೆ. ಕಾಗದ ಸಿಕ್ಕ ಕೂಡಲೇ ಬದುಕುಳಿದವರ ಬಾಯಿಮಾತು ಎರಡನೇ ದರ್ಜೆಗಿಳಿದರೆ ಅದು ಇನ್ನೊಂದು ಅನ್ಯಾಯ. ಮಾಯಾ ಹೆಂಗಸರು ನ್ಯಾಯಾಲಯದಲ್ಲಿ ತಮ್ಮ ಭಾಷೆಯಲ್ಲಿ ನುಡಿದ ಸಾಕ್ಷ್ಯಕ್ಕೆ ಯಾವ ಮೊಹರೂ ಬೇಕಾಗಿರಲಿಲ್ಲ.

ಎರಡನೆಯ ಕೊರತೆ ಸಂಸ್ಥೆಯ ಅಡಿಪಾಯದ್ದು. ಕೆಲಸ ನಡೆದದ್ದು ಬಹುಪಾಲು ವಿದೇಶಿ ನೆರವಿನ ಹಣದಿಂದ, ತಾತ್ಕಾಲಿಕ ಗುತ್ತಿಗೆಗಳ ಮೇಲೆ. ಮಾನವ ಹಕ್ಕು ಉಲ್ಲಂಘನೆಯ ಮಾಹಿತಿಯನ್ನು ಗೋಪ್ಯವೆಂದು ಮುಚ್ಚಿಡುವಂತಿಲ್ಲ ಎಂದು 2008ರ ಮಾಹಿತಿ ಕಾನೂನು ಸಾರುತ್ತದೆ. ಆದರೆ ಕಡತ ಕಾಯುವವನ ಕುರ್ಚಿಯನ್ನು ಆ ಕಾನೂನು ಕಾಯಲಿಲ್ಲ. 2018ರ ಆಗಸ್ಟಿನಲ್ಲಿ, ಆರಂಭದಿಂದ ಇದನ್ನು ಕಟ್ಟಿ ನಿಲ್ಲಿಸಿದ್ದ ನಿರ್ದೇಶಕ ಗುಸ್ತಾವೊ ಮೆಯೊನ್ಯೊ ಅವರನ್ನು ತೆಗೆದುಹಾಕಲಾಯಿತು. ಕೆಲಸಗಾರರ ಗುತ್ತಿಗೆಗಳೂ ತೂಗುಯ್ಯಾಲೆಗೆ ಬಿದ್ದವು. ಧೈರ್ಯ ಕೊಡುವುದು ಇಷ್ಟೇ: ಸ್ಕ್ಯಾನ್ ಮಾಡಿದ ಪುಟಗಳ ಸುರಕ್ಷಾ ಪ್ರತಿ ಸ್ವಿಟ್ಜರ್ಲೆಂಡಿನ ಪತ್ರಾಗಾರದಲ್ಲಿದೆ, 2011ರಿಂದ ಟೆಕ್ಸಾಸ್ ವಿಶ್ವವಿದ್ಯಾಲಯ ಲಕ್ಷಾಂತರ ಪುಟಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಆದರೂ ಒಂದು ದೇಶದ ನೋವಿನ ಕಾಗದಕ್ಕೆ ಪರದೇಶದಲ್ಲಿ ಆಸರೆ ಬೇಕಾಯಿತಲ್ಲ ಎಂಬುದು ಎದೆ ಕೊರೆಯುತ್ತದೆ.

ಹಾಗಾಗಿ ಈ ಪತ್ರಾಗಾರವನ್ನು ಪವಾಡವೆಂದು ಕೊಂಡಾಡಿ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಪೊಲೀಸರ ಕಾಗದ ಸಾಕ್ಷಿ ನುಡಿದದ್ದಾಯಿತು. ಸೇನೆಯ ಕಾಗದಕ್ಕೂ ಇದೇ ಬೆಳಕು, ಇದೇ ಶಿಸ್ತು ಸಿಗಬೇಕು. ಮಾಯಾ ಹಳ್ಳಿಗಳ ಲೆಕ್ಕ ಅಲ್ಲಿದೆ. ಗಾರ್ಸಿಯಾ ಪ್ರಕರಣದಲ್ಲಿ ಇನ್ನೊಬ್ಬ ಪೊಲೀಸ್ ಅಧಿಕಾರಿಯೂ ಸೇರಿ ನಾಲ್ವರಿಗೆ ಶಿಕ್ಷೆಯಾಗಿದೆ. ಗಾರ್ಸಿಯಾ ಅವರ ಮಗಳು ಅಲೆಹಾಂಡ್ರಾ ಬೆಳೆದು ವಕೀಲೆಯಾಗಿದ್ದಾರೆ. ತಂದೆಯ ದೇಹ ಅವರಿಗೆ ಸಿಕ್ಕಿಲ್ಲ.