ಕಬ್ಬಿಣದ ಬಾಯಿ ಮುಚ್ಚಿಸಬೇಡಿ

ಹೊಸದಾಗಿ ಮೆಟಲ್ ಡಿಟೆಕ್ಟರ್ ಕೊಂಡವರು ಮೊದಲ ದಿನವೇ ಮಾಡುವ ಕೆಲಸವೆಂದರೆ ಕಬ್ಬಿಣದ ಸದ್ದು ಕೇಳದಂತೆ ಮಾಡಿಕೊಳ್ಳುವುದು. ಬೇಡದ ಲೋಹವನ್ನು ಸೋಸುವ ಡಿಸ್ಕ್ರಿಮಿನೇಷನ್ ಏರಿಸಿದರಾಯಿತು, ತುಕ್ಕು ಹಿಡಿದ ಮೊಳೆ, ಲಾಳದ ಚೂರು, ತಂತಿಯ ತುಂಡು ಎಲ್ಲವೂ ಸುಮ್ಮನಾಗುತ್ತವೆ. ಆದರೆ ಮೊಳೆಯ ಪಕ್ಕದಲ್ಲೇ ಬಿದ್ದಿರುವ ಬೆಳ್ಳಿ ನಾಣ್ಯವೂ ಅದರ ಜೊತೆಗೇ ಸುಮ್ಮನಾಗಿಬಿಡಬಹುದು. ಇಂಗ್ಲೆಂಡಿನ ಹಳೆಯ ಹೊಲಗಳಲ್ಲಿ, ಅದರಲ್ಲೂ ಹಿಂದೊಮ್ಮೆ ಮನೆಗಳಿದ್ದ ಜಾಗಗಳಲ್ಲಿ, ಹೆಜ್ಜೆಗೊಂದು ಮೊಳೆ ಸಿಗುತ್ತದೆ. ಅಂಥ ನೆಲದಲ್ಲಿ ಕಬ್ಬಿಣವನ್ನು ಕೇಳಲೊಲ್ಲದವರಿಗೆ ಬೆಳ್ಳಿಯೂ ದಕ್ಕುವುದಿಲ್ಲ.

ಈ ಯಂತ್ರ ಮೊದಲಿನಿಂದಲೂ ಕಿವಿಯನ್ನೇ ನೆಚ್ಚಿಕೊಂಡದ್ದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯೊಳಗಿನ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂದ ಉಪಕರಣದಲ್ಲಿ ಟೆಲಿಫೋನ್ ರಿಸೀವರನ್ನು ಕಿವಿಗಿಟ್ಟು ಆಲಿಸಬೇಕಿತ್ತು. ಗುಂಡು ಸಿಗಲಿಲ್ಲ. ಹಾಸಿಗೆಯ ಲೋಹದ ಸ್ಪ್ರಿಂಗುಗಳು ಸದ್ದು ಕೆಡಿಸಿದ್ದೂ ಅದಕ್ಕೊಂದು ಕಾರಣ ಎನ್ನುತ್ತಾರೆ. ಬೇಡದ ಲೋಹ ಬೇಕಾದದ್ದನ್ನು ಮರೆಮಾಡುವ ಕಷ್ಟ ಅಷ್ಟು ಹಳೆಯದು.

ಈಗಿನ ಯಂತ್ರಗಳಲ್ಲಿ ಪರದೆ ಇದೆ, ಗುರಿ, ಅಂದರೆ ಕೆಳಗಿನ ವಸ್ತು, ಯಾವ ಲೋಹದ್ದಿರಬಹುದೆಂಬ ಅಂಕಿಯೂ ಬರುತ್ತದೆ. ಆದರೆ ವಸ್ತು ಆಳದಲ್ಲಿದ್ದಷ್ಟೂ ಮರಳುವ ಸಂಕೇತ ಸಣ್ಣದಾಗಿ ಅಂಕಿ ಕುಣಿಯತೊಡಗುತ್ತದೆ. ಅಂಕಿಯನ್ನು ನಂಬಲಾಗದ ಆಳದಲ್ಲೂ ಸದ್ದು ಏನನ್ನೋ ಹೇಳುತ್ತಲೇ ಇರುತ್ತದೆ. ಅದನ್ನು ಕೇಳಿಸಿಕೊಳ್ಳುವಂತೆ ಯಂತ್ರವನ್ನು ಹದಗೊಳಿಸಿಕೊಳ್ಳುವುದು ಈ ಹವ್ಯಾಸದ ಅರ್ಧ ವಿದ್ಯೆ.

ಥ್ರೆಶೋಲ್ಡ್‌ನಿಂದ ಶುರುಮಾಡಿ. ಗುರಿಯೇನೂ ಇಲ್ಲದಾಗಲೂ ಹಿನ್ನೆಲೆಯಲ್ಲಿ ಕೇಳಿಸುವ ಸಣ್ಣ ಗುಂಯ್ ನಾದವದು. ತಂಬೂರಿಯ ಶ್ರುತಿ ಹಾಡುಗಾರನಿಗೆ ಹೇಗೋ, ಈ ನಾದ ನಮಗೆ ಹಾಗೆ. ಹೆಡ್‌ಫೋನ್ ಹಾಕಿಕೊಂಡು, ಕೇಳಿಸಿತೋ ಇಲ್ಲವೋ ಎನ್ನುವಷ್ಟಕ್ಕೆ ಏರಿಸಿ ನಿಲ್ಲಿಸಿ. ಜೋರಾದರೆ ಆಳದ ಗುರಿಯ ಸಣ್ಣ ಏರಿಕೆ ಅದರಲ್ಲೇ ಮುಳುಗಿಹೋಗುತ್ತದೆ. ಯಂತ್ರದ ತುದಿಯ ಕಾಯಿಲನ್ನು ನೆಲದ ಮೇಲೆ ಬೀಸುವಾಗ ನಾದ ತುಸು ಉಬ್ಬಿತೆಂದರೆ ಕೆಳಗೇನೋ ಇದೆ. ನಾದ ಥಟ್ಟನೆ ಕಡಿದರೆ, ನೀವು ಬೇಡವೆಂದಿರುವ ಲೋಹದ ಮೇಲೆ ಕಾಯಿಲ್ ಹಾದಿದೆ ಎಂದರ್ಥ. ಥ್ರೆಶೋಲ್ಡ್ ಸೊನ್ನೆಗಿಟ್ಟವರಿಗೆ ಈ ಎರಡು ಸುಳಿವೂ ಇಲ್ಲ.

ಆಮೇಲೆ ಟೋನ್. ಮೈನ್‌ಲ್ಯಾಬ್ ಕಂಪನಿಯ ಈಕ್ವಿನಾಕ್ಸ್ 800 ಯಂತ್ರದಲ್ಲಿ ಸ್ವರಗಳ ಸಂಖ್ಯೆಗೆ 1, 2, 5, 50 ಎಂಬ ಆಯ್ಕೆಗಳಿವೆ. ಸಾಮಾನ್ಯವಾಗಿ ಕಬ್ಬಿಣಕ್ಕೆ ತಗ್ಗಿನ ಸ್ವರ. ವಿದ್ಯುತ್ತು ಚೆನ್ನಾಗಿ ಹರಿಯುವ ತಾಮ್ರ, ದಪ್ಪ ಬೆಳ್ಳಿಗೆ ಮೇಲಿನ ಸ್ವರ. ಚಿನ್ನದ ಸಣ್ಣ ಉಂಗುರ, ಅಲ್ಯುಮಿನಿಯಂ ಹಾಳೆ, ಡಬ್ಬಿಯ ಮುಚ್ಚಳದ ಕೊಂಡಿ ನಡುವಿನವು. ಹೊಸಬರಿಗೆ 5 ಸಾಕು. ವಯಸ್ಸಾದಂತೆ ಕಿವಿಗೆ ಮೇಲಿನ ಸ್ವರಗಳು ಮಂಕಾಗುತ್ತವೆ. ಅಂಥವರು ಮೇಲಿನ ಟೋನನ್ನು ತಮಗೆ ಹಿತವೆನಿಸುವಷ್ಟು ಇಳಿಸಿಕೊಳ್ಳಬೇಕು. ಯಂತ್ರವೇ ಅವಕಾಶ ಕೊಡುವಾಗ ಸಂಕೋಚವೇಕೆ?

ಕಬ್ಬಿಣಕ್ಕೆ ನನ್ನ ಮದ್ದು ಇಷ್ಟೇ: ಅದನ್ನು ಅಡಗಿಸದೆ, ಅದರ ವಾಲ್ಯೂಮನ್ನು ಮಾತ್ರ ತಗ್ಗಿಸುವುದು. ಆಗ ಮೊಳೆಗಳು ಕೆಳದನಿಯಲ್ಲಿ ಗೊಣಗುತ್ತಿರುತ್ತವೆ. ಆ ಗೊಣಗಾಟದ ನಡುವೆ ಒಮ್ಮೆ ಅರ್ಧಕ್ಕೆ ಕತ್ತರಿಸಿದಂಥ ಮೇಲಿನ ಸ್ವರವೊಂದು ಕೇಳುತ್ತದೆ, ಅದೂ ಬಲದಿಂದ ಎಡಕ್ಕೆ ಬೀಸಿದಾಗ ಮಾತ್ರ. ಅಲ್ಲಿಯೇ ನಿಲ್ಲಿ. ಕಾಲು ಸುತ್ತು ತಿರುಗಿ, ಅದೇ ಜಾಗದ ಮೇಲೆ ಅಡ್ಡಲಾಗಿ ನಿಧಾನಕ್ಕೆ ಬೀಸಿ. ಸ್ವರ ಅದೇ ಜಾಗದಲ್ಲಿ ಮರಳಿ ಬಂದರೆ ಅಗೆಯಲೇಬೇಕು. ಸ್ವರ ಮಾಯವಾಗಿ ಬರೀ ಗೊಣಗಾಟ ಉಳಿದರೆ, ಅಥವಾ ಜಾಗ ಪಕ್ಕಕ್ಕೆ ಸರಿದರೆ, ಅದು ಹೆಚ್ಚಾಗಿ ಬಾಗಿದ ಮೊಳೆಯ ತುದಿಯ ಆಟ. ಒತ್ತೊತ್ತಾಗಿ ಲೋಹವಿರುವ ಇಂಥ ನೆಲದಲ್ಲಿ ರಿಕವರಿ ಸ್ಪೀಡ್, ಅಂದರೆ ಒಂದು ಗುರಿ ದಾಟಿ ಮುಂದಿನದಕ್ಕೆ ಯಂತ್ರ ಸಜ್ಜಾಗುವ ವೇಗ, ಹೆಚ್ಚಿಸಿದರೆ ಪಕ್ಕಪಕ್ಕದ ಸದ್ದುಗಳು ಬೇರೆಬೇರೆಯಾಗಿ ಕೇಳುತ್ತವೆ. ತುಸು ಆಳ ಕಡಿಮೆಯಾಗಬಹುದು, ಆಗಲಿ.

ಹೆಡ್‌ಫೋನ್ ವಿಚಾರದಲ್ಲಿ ಜಿಪುಣತನ ಬೇಡ. ಮಾಮೂಲಿ ಬ್ಲೂಟೂತ್‌ನಲ್ಲಿ ಸದ್ದು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಬಂದರೂ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬೀಸುವ ಕಾಯಿಲ್ ಅಷ್ಟರಲ್ಲಿ 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ತಂತಿಯ ಹೆಡ್‌ಫೋನ್, ಇಲ್ಲವೇ ಯಂತ್ರದ ಜೊತೆಗೇ ಬರುವ ಕಡಿಮೆ ವಿಳಂಬದ ವೈರ್‌ಲೆಸ್ ಹೆಡ್‌ಫೋನ್ ಒಳ್ಳೆಯದು.

ಕಿವಿಗೆ ಸಿಕ್ಕಿದ್ದೆಲ್ಲ ನಮ್ಮದಲ್ಲ ಎಂಬುದೂ ನೆನಪಿರಲಿ. ಬ್ರಿಟನ್ನಿನಲ್ಲಿ ಹೊಲದೊಡೆಯರ ಒಪ್ಪಿಗೆ ಬೇಕು. ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಕಾಯ್ದೆಯ ವ್ಯಾಪ್ತಿಗೆ ಬರುವ ವಸ್ತು ಸಿಕ್ಕರೆ 14 ದಿನದೊಳಗೆ ವರದಿ ಮಾಡಬೇಕು. ಭಾರತದಲ್ಲಿ 1878ರ ನಿಧಿ ಕಾಯ್ದೆ ಇಂದಿಗೂ ಇದೆ, ಅದರ ಪ್ರಕಾರ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಂಪಿಯಂಥ ಸಂರಕ್ಷಿತ ಜಾಗಗಳಲ್ಲಿ ಅಗೆಯುವುದು ಅಪರಾಧ. ನಿಧಿಗಳ್ಳರು ಕೆಡವಿದ ಗುಡಿಗಳ ಸುದ್ದಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಂತ್ರ ಇರುವವರು ಈ ವಾರ ಒಂದು ಕೆಲಸ ಮಾಡಿ. ನಿಮ್ಮದೇ ಹಿತ್ತಲಲ್ಲಿ ಗೇಣುದ್ದ ಆಳದಲ್ಲಿ ಒಂದು ನಾಣ್ಯ, ಅದರ ಪಕ್ಕಕ್ಕೊಂದು ಮೊಳೆ ಹೂಳಿ. ಪರದೆಗೆ ಬಟ್ಟೆ ಮುಚ್ಚಿ, ಒಂದೊಂದೇ ಸೆಟಿಂಗ್ ಬದಲಿಸುತ್ತ ಬೀಸಿ. ಎರಡೂ ಬೇರೆಬೇರೆಯಾಗಿ ಕೇಳುವ ಹದ ಸಿಕ್ಕ ಮೇಲೆ ಹೊಲಕ್ಕೆ ಹೊರಡಿ.