ಹಾನಿಯ ಎಣಿಕೆ ಮತ್ತು ವೀರದ ಬೆಲೆ: ಅಂತರ್ಜಾಲದ ಕಾಳಗದಾಟಗಳ ಬಹುಮಾನಕ್ರಮವನ್ನು ಕುರಿತ ವಿಮರ್ಶೆ

ಯಾವುದೇ ಆಟದಲ್ಲಿ ಯಾವುದಕ್ಕೆ ಅಂಕ ದೊರೆಯುತ್ತದೆಯೋ ಅದನ್ನೇ ಆಟಗಾರನು ಆ ಆಟದ ಧರ್ಮವೆಂದು ಬಗೆಯುತ್ತಾನೆ. ನಿಯಮಗಳು ಏನನ್ನೇ ವಿಧಿಸಲಿ, ಅವನ ಕಿವಿಗೆ ಬೀಳುವುದು ಅಂಕಪಟ್ಟಿಯ ಮಾತು. ಅಂತರ್ಜಾಲದ ಮೂಲಕ ಹಲವರು ಕೂಡಿ ಆಡುವ ಕಾಳಗದಾಟಗಳಲ್ಲಿ, ಎದುರಾಳಿಗೆ ಉಂಟುಮಾಡಿದ ಹಾನಿಯನ್ನು ಮೊತ್ತಗೂಡಿಸಿ, ಆ ಮೊತ್ತಕ್ಕೆ ತಕ್ಕಂತೆ ಆಟಗಾರನಿಗೆ ಬಹುಮಾನ ಕೊಡುವುದು ಉಚಿತವೇ ಎಂಬುದು ಪ್ರಕೃತ ಲೇಖನದ ವಿಷಯ. ಆಟಗಾರರು ಈ ಹಾನಿಯನ್ನು ‘ಡ್ಯಾಮೇಜ್’ ಎಂದು ಕರೆಯುತ್ತಾರೆ. ನಾವು ಇದನ್ನು ‘ಹಾನಿಲೆಕ್ಕ’ ಎಂದು ಕರೆಯೋಣ.

ಈ ವಿಷಯವು ವಿಶ್ವವಿದ್ಯಾನಿಲಯದ ಪುಟಗಳಿಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಸಂಜೆಯ ಹೊತ್ತನ್ನು ಕಳೆಯುವುದು ಈ ಆಟಗಳಲ್ಲಿಯೇ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣವನ್ನು ಪಣವಾಗಿಟ್ಟು ಆಡುವ ಆಟಗಳನ್ನು ನಿಷೇಧಿಸಿ, ಸ್ಪರ್ಧಾರೂಪದ ‘ಇ-ಸ್ಪೋರ್ಟ್ಸ್’ಗೆ ಕ್ರೀಡೆಯ ಮಾನ್ಯತೆಯನ್ನು ಕೊಟ್ಟಿತು. ಕ್ರೀಡೆಯೆಂದು ಒಪ್ಪಿದ ಮೇಲೆ ಅದರ ಅಂಕಕ್ರಮವು ವಿಮರ್ಶೆಗೆ ಒಳಗಾಗಲೇಬೇಕು.

ಮೊದಲು ಆಟದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಕ್ರಾಫ್ಟನ್ ಸಂಸ್ಥೆಯ ಪಬ್‌ಜಿ ಮೊಬೈಲ್ ಆಟವನ್ನು ಕೇಂದ್ರ ಸರ್ಕಾರವು ೨೦೨೦ರ ಸೆಪ್ಟೆಂಬರಿನಲ್ಲಿ ನಿರ್ಬಂಧಿಸಿತು. ೨೦೨೧ರ ಜುಲೈಯಲ್ಲಿ ಅದು ಬಿಜಿಎಂಐ ಎಂಬ ಹೆಸರಿನಿಂದ ನಮ್ಮ ದೇಶಕ್ಕೆ ಮರಳಿತು. ಇದರ ಮುಖ್ಯ ಪ್ರಕಾರದಲ್ಲಿ ನೂರು ಮಂದಿಯವರೆಗೆ ಆಟಗಾರರು ವಿಮಾನದಿಂದ ಒಂದು ಪ್ರದೇಶಕ್ಕೆ ಇಳಿಯುತ್ತಾರೆ. ಆಡುವ ವಲಯವು ಕ್ರಮೇಣ ಕಿರಿದಾಗುತ್ತದೆ. ಕಡೆಯವರೆಗೆ ಉಳಿದ ತಂಡವು ಗೆಲ್ಲುತ್ತದೆ. ನಾಲ್ವರು ಒಂದು ತಂಡವಾಗಿ ಆಡುವಾಗ, ಏಟು ತಿಂದು ಕೆಳಗೆ ಬಿದ್ದ ಜೊತೆಗಾರನನ್ನು ಮತ್ತೊಬ್ಬನು ಎಬ್ಬಿಸಬಹುದು. ಪಂದ್ಯಾವಳಿಗಳಲ್ಲಿ ತಂಡಕ್ಕೆ ಎರಡು ಬಗೆಯ ಅಂಕಗಳು ದೊರೆಯುತ್ತವೆ: ಎಷ್ಟನೆಯ ಸ್ಥಾನದವರೆಗೆ ಉಳಿದುಕೊಂಡಿತು ಎಂಬುದಕ್ಕೆ ಕೆಲವು, ಎದುರಾಳಿಗಳಲ್ಲಿ ಕೆಡಹಿದ ಒಬ್ಬೊಬ್ಬನಿಗೂ ಒಂದೊಂದು. ಇವಲ್ಲದೆ ಪ್ರತಿ ಆಟದ ಕೊನೆಗೂ ಒಬ್ಬೊಬ್ಬನ ಹಾನಿಲೆಕ್ಕವು ತೆರೆಯ ಮೇಲೆ ಮೂಡುತ್ತದೆ. ಗೆಳೆಯರ ನಡುವೆ ಹೆಮ್ಮೆಗೂ ಹಂಗಿಸುವಿಕೆಗೂ ಕಾರಣವಾಗುವುದು ಬಹುಮಟ್ಟಿಗೆ ಈ ಸಂಖ್ಯೆಯೇ.

ಹಾನಿಲೆಕ್ಕದ ಪರವಾಗಿ ಹೇಳತಕ್ಕ ಮಾತುಗಳು ಇಲ್ಲದಿಲ್ಲ. ಅದು ನಿಷ್ಪಕ್ಷಪಾತವಾದುದು, ಯಂತ್ರವು ಎಣಿಸುವುದರಿಂದ ಅಲ್ಲಿ ಯಾರ ಮುಖದ ದಾಕ್ಷಿಣ್ಯವೂ ನಡೆಯದು. ಸೋತ ತಂಡದಲ್ಲಿಯೂ ಚೆನ್ನಾಗಿ ಆಡಿದವನು ತನ್ನ ಶ್ರಮದ ಸಾಕ್ಷ್ಯವನ್ನು ಕಾಣಬಹುದು. ಎಲ್ಲಕ್ಕಿಂತ ಮಿಗಿಲಾಗಿ ಅದು ಹೇಡಿತನಕ್ಕೆ ಅಂಕುಶ. ಉಳಿವಿಗೆ ಮಾತ್ರ ಅಂಕವಿದ್ದರೆ ಆಟಗಾರನು ಹುಲ್ಲಿನಲ್ಲಿ ಅಡಗಿ ಕುಳಿತು ಉಳಿದವರು ಸಾಯುವುದನ್ನೇ ಕಾಯುತ್ತಾನೆ. ಆಗ ಕಾಳಗವೇ ನಡೆಯುವುದಿಲ್ಲ. ಈ ಮೂರನೆಯ ವಾದವನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಮುಂದೆ ಇದಕ್ಕೆ ಮರಳುತ್ತೇವೆ.

ಆದರೆ ಈ ಲೆಕ್ಕದ ದೋಷವು ಮೂಲದಲ್ಲಿಯೇ ಇದೆ. ಹಾನಿಯು ಗೆಲವಿನ ಸಾಧನಗಳಲ್ಲಿ ಒಂದು. ಸಾಧನವನ್ನೇ ಅಳೆದು ಸಾಧ್ಯವನ್ನು ಅಳೆದಂತೆ ಭಾವಿಸುವುದು ತರ್ಕಕ್ಕೆ ಒಪ್ಪದು. ೨೦೧೬ರಲ್ಲಿ ಬಂದ ಓವರ್‌ವಾಚ್ ಎಂಬ ಆಟವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಹೆಚ್ಚು ಹಾನಿ ಮಾಡಿದವರಿಗೆ ಪದಕದ ಗುರುತು ದೊರೆಯುತ್ತಿತ್ತು. ಅದೇ ಆಟದಲ್ಲಿ ಗಾಯವನ್ನು ಮಾಯಿಸುವ ಪಾತ್ರಗಳೂ ಉಂಟು. ಅವು ಗಾಯವನ್ನು ಮಾಯಿಸಿದಷ್ಟೂ ಅವುಗಳ ವಿಶೇಷಶಕ್ತಿ ತುಂಬಿಕೊಳ್ಳುತ್ತದೆ. ಆದುದರಿಂದ ಯಾರನ್ನೂ ಕೆಡಹದೆ, ಎದುರಿನ ದಪ್ಪಮೈಯ ಪಾತ್ರಕ್ಕೆ ಸುಮ್ಮನೆ ಗುಂಡು ಸುರಿಯುತ್ತಿರುವವನು ತನ್ನ ಹಾನಿಲೆಕ್ಕವನ್ನು ಬೆಳೆಸಿಕೊಳ್ಳುತ್ತಾನೆ. ವಾಸ್ತವವಾಗಿ ಶತ್ರುವಿನ ವೈದ್ಯನಿಗೆ ಬಲವನ್ನು ಒದಗಿಸುತ್ತಾನೆ. ಪದಕ ಇವನಿಗೆ, ಪ್ರಯೋಜನ ಶತ್ರುವಿಗೆ! ೨೦೨೨ರಲ್ಲಿ ಬಂದ ಆ ಆಟದ ಎರಡನೆಯ ಅವತರಣಿಕೆಯಲ್ಲಿ ಪದಕಗಳನ್ನು ತೆಗೆದು, ಎಲ್ಲರ ಎಲ್ಲ ಲೆಕ್ಕಗಳೂ ಒಟ್ಟಿಗೆ ಕಾಣುವ ಪಟ್ಟಿಯನ್ನು ಇಟ್ಟರು. ೨೦೦೪ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿಯೂ ಇಂತಹದೇ ಸ್ಥಿತಿ. ಅಲ್ಲಿ ಹಾನಿಯನ್ನು ಅಳೆಯುವ ಉಪಕರಣಗಳನ್ನು ಆಟಗಾರರೇ ರಚಿಸಿಕೊಂಡರು; ಅನಂತರ ಮುಖ್ಯ ಶತ್ರುವನ್ನು ಬಿಟ್ಟು, ಸಾಯಲಿ ಬಿಡಲಿ ಪರಿಣಾಮವಿಲ್ಲದ ಸಣ್ಣ ಗುರಿಗಳನ್ನು ಹೊಡೆದು ಸಂಖ್ಯೆಯನ್ನು ಉಬ್ಬಿಸುವ ಚಾಳಿಯೂ ಬೆಳೆಯಿತು.

ಕಾಳಗದಲ್ಲಿ ಯಾವುದನ್ನು ಮೆಚ್ಚಬೇಕು ಎಂಬ ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳು ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಸೇರಿವೆ. ಗಂಗರ ನೆಲೆವೀಡಾಗಿದ್ದ ಮಾನ್ಯಪುರವು ನೆಲಮಂಗಲ ತಾಲ್ಲೂಕಿನ ಮಣ್ಣೆಯೇ. ಈ ಸೀಮೆಯಲ್ಲಿ ವೀರಗಲ್ಲುಗಳು ಅಪರೂಪವಲ್ಲ. ಕನ್ನಡನಾಡಿನ ವೀರಗಲ್ಲುಗಳಲ್ಲಿ ಬಹುಸಂಖ್ಯೆಯವು ತುರುಗೊಳ್ ಪ್ರಸಂಗದವು, ಎಂದರೆ ಊರಿನ ದನಗಳನ್ನು ಹಗೆಗಳು ಹೊಡೆದುಕೊಂಡು ಹೋದಾಗ ಕಾದಿ ಮಡಿದವರ ನೆನಪಿನವು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರಿಗೆ, ಒಕ್ಕಲುತನದ ಈ ನಾಡಿನಲ್ಲಿ ತುರುವೆಂದರೆ ಊರಿನ ಬಾಳೇ ಆಗಿತ್ತೆಂಬುದನ್ನು ವಿವರಿಸಬೇಕಾದುದಿಲ್ಲ.

ಇಂತಹ ಶಾಸನಗಳ ವಾಕ್ಯರಚನೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸಾಮಾನ್ಯವಾಗಿ ಅವುಗಳಲ್ಲಿ ಹಗೆಗಳನ್ನು ಇರಿದ ಸಂಗತಿಯು ಪೂರ್ವಕ್ರಿಯೆಯಾಗಿ ಬರುತ್ತದೆ. ಇರಿದು, ತುರುಗಳನ್ನು ಮರಳಿಸಿ, ವೀರನು ಸ್ವರ್ಗಸ್ಥನಾದನೆಂದು ವಾಕ್ಯವು ಮುಗಿಯುತ್ತದೆ. ಕೊಂದವರು ಹಲವರೆಂಬ ಹೊಗಳಿಕೆ ಇರುವುದುಂಟು. ಆದರೆ ಆ ಹೊಗಳಿಕೆಗೆ ಅರ್ಥವನ್ನು ಕೊಡುವುದು ಮರಳಿದ ತುರು. ಆ ಕಾಲದವರು ಹಿಂಸೆಗೆ ಹೇಸಿದವರಲ್ಲ. ಹಿಂಸೆಯು ಯಾವುದರ ಸಲುವಾಗಿ ನಡೆಯಿತು ಎಂಬುದನ್ನು ಬಿಟ್ಟು ಅದರ ಮೊತ್ತವನ್ನು ಪ್ರತ್ಯೇಕವಾಗಿ ಎಣಿಸುವ ಕ್ರಮ ಅವರಲ್ಲಿ ಇರಲಿಲ್ಲ, ಅಷ್ಟೆ. ಮಡಿದವನ ಮನೆಯವರಿಗೆ ಕೊಡುತ್ತಿದ್ದ ಭೂಮಿಯನ್ನು ಕಲ್ನಾಡು ಎಂದೂ ನೆತ್ತರುಗೊಡಗೆ ಎಂದೂ ಕರೆದರು. ಆ ನೆತ್ತರು ಹರಿಸಿದವನ ಹಗೆಯದಲ್ಲ, ಅವನದೇ.

ಬೇಗೂರಿನಿಂದ ತಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವ ಗಂಗರ ಕಾಲದ ಪ್ರಸಿದ್ಧ ವೀರಗಲ್ಲು ಇದಕ್ಕೆ ಉತ್ತಮ ಸಾಕ್ಷಿ. ಅಯ್ಯಪದೇವನು ಬೀರಮಹೇಂದ್ರನೊಡನೆ ಕಾದುವಾಗ ಅವನ ನೆರವಿಗೆಂದು ಗಂಗರ ಎರೆಯಪನು ನಾಗತ್ತರನನ್ನು ಸೇನೆಯೊಡನೆ ಕಳುಹಿಸಿದನು. ಆನೆಗಳ ಎದುರು ನಿಂತು ಕಾದಿ ನಾಗತ್ತರನು ಮಡಿದನು. ಅದನ್ನು ಕೇಳಿ ಮೆಚ್ಚಿದ ಎರೆಯಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಇಲ್ಲಿ ಮೆಚ್ಚಿಕೆಯನ್ನು ಪಡೆದವನು ಮತ್ತೊಬ್ಬನ ನೆರವಿಗೆ ಹೋದವನು. ಇಂದಿನ ಆಟಗಳ ಭಾಷೆಯಲ್ಲಿ ಹೇಳುವುದಾದರೆ ಅವನದು ‘ಸಪೋರ್ಟ್’ ಪಾತ್ರ. ಹಾನಿಲೆಕ್ಕದ ಪಟ್ಟಿಯಲ್ಲಿ ಇಂತಹವನು ಬಹುಶಃ ಕೊನೆಯವನಾಗುತ್ತಿದ್ದನು; ಎರೆಯಪನ ಲೆಕ್ಕದಲ್ಲಿ ಅವನ ಬೆಲೆ ಹನ್ನೆರಡು ಊರು.

ಸಂಖ್ಯೆಗೆ ಬಹುಮಾನವನ್ನು ಕಟ್ಟಿದರೆ ಏನಾಗುವುದೆಂಬುದಕ್ಕೂ ಇದೇ ಸೀಮೆಯಲ್ಲಿ ಮೊದಲಾದ ಕಥೆಯೊಂದಿದೆ. ೧೭೪೯ರಲ್ಲಿ ಮೈಸೂರಿನ ಸೈನ್ಯವು ದೇವನಹಳ್ಳಿಯ ಕೋಟೆಯನ್ನು ಮುತ್ತಿದಾಗ, ಹೈದರನು ತನ್ನ ಅಣ್ಣನ ದಳದೊಡನೆ ಸ್ವಂತ ಇಚ್ಛೆಯಿಂದ ಬಂದ ಸವಾರನಾಗಿದ್ದನು. ಅವನ ಧೈರ್ಯವನ್ನೂ ಸಮಾಧಾನವನ್ನೂ ಕಣ್ಣಾರೆ ಕಂಡ ನಂಜರಾಜಯ್ಯನು ಅವನಿಗೆ ೫೦ ಕುದುರೆ, ೨೦೦ ಕಾಲಾಳುಗಳ ನಾಯಕತ್ವವನ್ನು ಕೊಟ್ಟನು. ಇದು ನೋಡಿ ಕೊಟ್ಟ ಬಹುಮಾನ. ಕೆಲವು ವರ್ಷಗಳ ಮೇಲೆ, ೧೭೫೫ರ ಸುಮಾರಿಗೆ, ಅದೇ ಹೈದರನು ದಿಂಡಿಗಲ್ಲಿನ ಫೌಜುದಾರನಾದನು. ಗಾಯಗೊಂಡ ಸಿಪಾಯಿಗಳಿಗೆ ಗಾಯ ಮಾಯುವವರೆಗೆ ತಿಂಗಳು ತಿಂಗಳು ಭತ್ಯ ಕೊಡುವ ಪದ್ಧತಿ ಆಗ ಇತ್ತು. ೧೮೧೦ರಲ್ಲಿ ಮೊದಲ ಸಂಪುಟವಾಗಿ ಪ್ರಕಟವಾದ ತನ್ನ ಇತಿಹಾಸದಲ್ಲಿ ವಿಲ್ಕ್ಸನು ಹೇಳುವಂತೆ, ಒಂದು ಕಾಳಗದಲ್ಲಿ ಗಾಯಗೊಂಡವರು ೬೭ ಮಂದಿ. ಎಣಿಸಿ ನೋಡಲು ರಾಜಧಾನಿಯಿಂದ ಅಧಿಕಾರಿ ಬಂದಾಗ, ಅರಿಸಿನದ ಬಟ್ಟೆಯನ್ನು ಕೈಕಾಲಿಗೆ ಸುತ್ತಿಕೊಂಡು ಮಲಗಿದ್ದವರು ಸುಮಾರು ೭೦೦! ಅಧಿಕಾರಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವನು ಎಣಿಸಿದ ಪಟ್ಟಿಗಳೆಲ್ಲವೂ ನಿಜವಾದ ಪಟ್ಟಿಗಳೇ. ಎಣಿಕೆಗೆ ಬರುವ ಗುರುತನ್ನು ಬಹುಮಾನದ ಆಧಾರವಾಗಿ ಮಾಡಿದೊಡನೆ ಗುರುತು ಹೆಚ್ಚುತ್ತದೆ, ವಸ್ತು ಹೆಚ್ಚುವುದಿಲ್ಲ. ದಿಂಡಿಗಲ್ಲಿನ ಅರಿಸಿನದ ಪಟ್ಟಿಯೂ ವಾರ್‌ಕ್ರಾಫ್ಟಿನ ಉಬ್ಬಿಸಿದ ಹಾನಿಲೆಕ್ಕವೂ ಒಂದೇ ಜಾತಿಯವು.

ಹಾಗಾದರೆ ಎದುರಾಳಿಯನ್ನು ಹೊಡೆಯುವುದಕ್ಕೆ ಅಂಕವೇ ಬೇಡವೆ? ಈ ಪ್ರಶ್ನೆಗೆ ನಮ್ಮ ಕಬಡ್ಡಿಯು ವಿವೇಕದ ಉತ್ತರವನ್ನು ಕೊಡುತ್ತದೆ. ಕಬಡ್ಡಿಯಲ್ಲಿ ಎದುರಾಳಿಯನ್ನು ಮುಟ್ಟಿ ಬಂದರೆ ಅಂಕವುಂಟು; ಆದರೆ ಆ ಅಂಕವು ತಂಡದ್ದು. ಮೇಲಾಗಿ ಎದುರಾಳಿಗಳಲ್ಲಿ ಎಷ್ಟು ಮಂದಿ ಹೊರಗೆ ಹೋದರೋ ಅಷ್ಟು ಮಂದಿ ನಮ್ಮ ಕಡೆಯವರು ಮತ್ತೆ ಅಂಗಳಕ್ಕೆ ಬರುತ್ತಾರೆ. ಹೊಡೆತದ ಫಲ ಜೊತೆಗಾರನ ಮರುಜೀವ! ಹಿಡಿಯುವವರನ್ನೂ ಆ ನಿಯಮವು ಮರೆತಿಲ್ಲ: ಅಂಗಳದಲ್ಲಿ ಮೂವರು ಅಥವಾ ಅದಕ್ಕೂ ಕಡಮೆ ಮಂದಿ ಉಳಿದಿರುವಾಗ ದಾಳಿಗಾರನನ್ನು ಹಿಡಿದರೆ ಒಂದು ಅಂಕ ಹೆಚ್ಚು. ಕಷ್ಟದ ಹೊತ್ತಿನ ರಕ್ಷಣೆಗೆ ಬೆಲೆ ಹೆಚ್ಚೆಂದು ಅದು ಗುರುತಿಸುತ್ತದೆ. ಇಷ್ಟಾದರೂ ಒಬ್ಬನ ಲೆಕ್ಕವು ತಂಡದ ಗೆಲವಾಗಲಾರದು. ೨೦೧೯ರ ಪ್ರೊ ಕಬಡ್ಡಿ ಪಂದ್ಯಾವಳಿಯಲ್ಲಿ ಬೆಂಗಳೂರು ಬುಲ್ಸ್ ತಂಡದ ಪವನ್ ಸೆಹ್ರಾವತ್ ಅವರು ೩೪೬ ದಾಳಿ ಅಂಕಗಳನ್ನು ಗಳಿಸಿ ಎಲ್ಲರಿಗಿಂತ ಮುಂದಿದ್ದರು. ಬೆಂಗಳೂರು ಸೆಮಿಫೈನಲಿನಲ್ಲಿ ದೆಹಲಿಗೆ ಸೋತಿತು. ಅವರ ಆಟದ ಹಿರಿಮೆ ಇದರಿಂದ ಕುಂದುವುದಿಲ್ಲ. ಒಬ್ಬನ ಮೊತ್ತವೂ ಎಲ್ಲರ ಗೆಲವೂ ಬೇರೆ ಬೇರೆ ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ.

ಈಗ ಅಡಗಿ ಕೂರುವವರ ಆಕ್ಷೇಪಕ್ಕೆ ಮರಳೋಣ. ಕೆಡಹಿದ್ದಕ್ಕೆ ಒಂದು ಅಂಕವನ್ನಿಟ್ಟು, ಉಳಿವಿನ ಮೇಲಿನ ಸ್ಥಾನಗಳಿಗೆ ಅದಕ್ಕಿಂತ ಬಹಳ ಹೆಚ್ಚಿನ ಅಂಕವನ್ನಿಡುವ ಪಂದ್ಯಾವಳಿಗಳ ಕ್ರಮವು ನಮಗೆ ಅಸಮಂಜಸವಾಗಿ ತೋರುವುದಿಲ್ಲ. ಎದುರಾಳಿಯು ಕೆಡೆದಾಗ ಕಣದ ಸ್ಥಿತಿಯೇ ಬದಲಾಗುತ್ತದೆ. ಆ ಬದಲಾವಣೆಗೆ ಅಂಕವುಂಟು. ಸುಮ್ಮನೆ ಸುರಿದ ಗುಂಡಿಗೆ ಇಲ್ಲ. ಅಡಿಗೆಯಲ್ಲಿ ಉಪ್ಪಿನಂತೆ, ಹೇಡಿತನವನ್ನು ತಡೆಯುವಷ್ಟು ಮಾತ್ರ ಈ ಅಂಕವಿರಬೇಕು. ಇನ್ನು, ನಂಜರಾಜಯ್ಯನಂತೆ ಕಣ್ಣಿನಿಂದ ಕಂಡು ಕೊಡುವ ಬಹುಮಾನದಲ್ಲಿ ಪಕ್ಷಪಾತವು ನುಸುಳಬಹುದೆಂಬ ಶಂಕೆಯೂ ನ್ಯಾಯವಾದುದೇ. ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟದಲ್ಲಿ ಜೊತೆಗಾರರೇ ಒಬ್ಬರಿಗೊಬ್ಬರು ಗೌರವವನ್ನು ಸಲ್ಲಿಸುವ ಏರ್ಪಾಡನ್ನು ೨೦೧೨ರಿಂದ ಇಟ್ಟಿದ್ದಾರೆ. ಅಲ್ಲಿಯೂ ಸ್ನೇಹದ ದಾಕ್ಷಿಣ್ಯ ತಪ್ಪದು. ಆದರೆ ಪಕ್ಷಪಾತಿಯಾದ ಕಣ್ಣನ್ನು ತಿದ್ದಲು ಸಾಧ್ಯ. ತಪ್ಪು ವಸ್ತುವನ್ನು ನಿಖರವಾಗಿ ಎಣಿಸುವ ಯಂತ್ರಕ್ಕೆ ತಾನು ತಪ್ಪಿದೆನೆಂಬ ಅರಿವೇ ಉಂಟಾಗದು.

ಆದುದರಿಂದ ನಮ್ಮ ನಿರ್ಣಯವನ್ನು ಹೀಗೆ ಹೇಳಬಹುದು. ಹಾನಿಲೆಕ್ಕವನ್ನು ಆಟಗಾರನಿಗೆ ತೋರಿಸಬಹುದು. ತನ್ನ ಕೈಚಳಕವನ್ನು ತಿದ್ದಿಕೊಳ್ಳಲು ಅವನಿಗೆ ಅದು ಬೇಕು. ಅದಕ್ಕೆ ಬಹುಮಾನವನ್ನು ಮಾತ್ರ ಕಟ್ಟಬಾರದು. ಬಹುಮಾನವು ಮೊದಲು ತಂಡದ ಗೆಲವಿಗೆ ಸಲ್ಲಬೇಕು. ಒಬ್ಬೊಬ್ಬನಿಗೂ ಬೇರೆಯಾಗಿ ಕೊಡುವುದೇ ಆದರೆ ಬಿದ್ದವನನ್ನು ಎಬ್ಬಿಸಿದ್ದು, ಗುರಿಯನ್ನು ಕಾದದ್ದು, ಜೊತೆಗಾರನ ಮೇಲೆ ಬೀಳುವ ಏಟನ್ನು ತಾನು ತಡೆದದ್ದು, ಇವು ಕೆಡಹಿದ್ದಕ್ಕೆ ಸರಿಸಮನಾಗಿ ಎಣಿಕೆಗೆ ಬರಬೇಕು. ಇವುಗಳನ್ನು ಎಣಿಸುವುದು ಕಷ್ಟವೆಂಬುದು ನಿಜ. ಸುಲಭವಾಗಿ ಎಣಿಕೆಗೆ ಸಿಕ್ಕುವುದೇ ಬೆಲೆಯುಳ್ಳದ್ದೆಂದು ಒಪ್ಪಿಕೊಳ್ಳುವುದಕ್ಕೆ ಆ ಕಷ್ಟವು ಸಮರ್ಥನೆಯಾಗದು.

ಈ ವಿಚಾರವು ಆಟದ ಕಣದಲ್ಲಿಯೇ ನಿಲ್ಲುವಂತಹುದಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೦ರ ನಿಯಮಾವಳಿಯಲ್ಲಿ ಅಧ್ಯಾಪಕರ ಕೆಲಸಕ್ಕೆ ಅಂಕಗಳನ್ನು ಗೊತ್ತುಮಾಡಿದಾಗ, ಪ್ರಬಂಧಗಳ ಸಂಖ್ಯೆಗೆ ಎಷ್ಟು ಮಹತ್ವ ಬಂದಿತೆಂಬುದನ್ನು ನಮ್ಮ ವಾಚಕರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ತರಗತಿಯ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನನ್ನು ಕೈಹಿಡಿದು ಎಬ್ಬಿಸಿದ ಅಧ್ಯಾಪಕನ ಶ್ರಮಕ್ಕೆ ಯಾವ ಕಲಮಿನಲ್ಲಿಯೂ ಜಾಗವಿರಲಿಲ್ಲ. ಹಾನಿಲೆಕ್ಕದ ಮೇಲೆ ಕಣ್ಣಿಟ್ಟು ಬೆಳೆದ ಹುಡುಗನು ಮುಂದೆ ಇಂತಹ ಪಟ್ಟಿಗಳನ್ನು ರಚಿಸುವ ಅಧಿಕಾರಿಯಾಗುವುದೂ ಉಂಟು. ಎದುರಿಗೆ ಮಲಗಿದ ಏಳುನೂರರಲ್ಲಿ ನಿಜವಾಗಿ ಗಾಯಗೊಂಡ ಅರವತ್ತೇಳು ಮಂದಿಯನ್ನು ಗುರುತಿಸುವ ವಿವೇಕವನ್ನು ಅವನಿಗೆ ಈಗಲೇ ಕಲಿಸುವುದು ಅಧ್ಯಾಪಕರಾದ ನಮ್ಮೆಲ್ಲರ ಕೆಲಸವಾಗಿದೆ.