ಸಾಕವ್ವ ಹುಡುಕಿದ್ದು ಹುಂಜವನ್ನು

ನಮ್ಮ ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಎಂದರೆ ಗಾಜಿನ ಬಾಗಿಲಿನ, ತಂಪು ಗಾಳಿಯ ಅಂಗಡಿಯಲ್ಲ. ಊರ ನಡುವಿನ ಒಂದು ಪೇಟೆಗೇ ಆ ಹೆಸರು. ತರಕಾರಿ, ಹಣ್ಣು, ಬಟ್ಟೆ, ಬಳೆ, ಪಾತ್ರೆ ಎಲ್ಲವೂ ಅಲ್ಲೇ. ಸಂಜೆ ಶಾಲೆ ಬಿಟ್ಟ ಮೇಲೆ ಚೀಲ ಹಿಡಿದು ಇಪ್ಪತ್ತೈದು ವರ್ಷಗಳಿಂದ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ಆದರೆ ಕೊಳ್ಳುವುದಕ್ಕಲ್ಲದೆ ನೋಡುವುದಕ್ಕೆಂದೇ ಹೋದದ್ದು ಒಂದು ನಾಟಕದ ದೆಸೆಯಿಂದ.

ಕೆಲವು ವರ್ಷಗಳ ಹಿಂದೆ ನಾವು ಹತ್ತು ಹನ್ನೆರಡು ಮಂದಿ ಶಿಕ್ಷಕ ಶಿಕ್ಷಕಿಯರು ಸೇರಿ ದೇವನೂರ ಮಹಾದೇವರ ‘ಒಡಲಾಳ’ವನ್ನು ರಂಗದ ಮೇಲೆ ತರಲು ಹೊರಟೆವು. ಸಾಕವ್ವನ ಪಾತ್ರ ನನ್ನ ಪಾಲಿಗೆ ಬಂತು. ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ಉಮಾಶ್ರೀಯವರು ಅಭಿನಯಿಸಿದ ಸಾಕವ್ವ ಕನ್ನಡ ರಂಗಭೂಮಿಯಲ್ಲಿ ಮನೆಮಾತು. ಅಂಥ ಪಾತ್ರಕ್ಕೆ ಕೈ ಹಾಕಿದ ನನಗೆ ಇದ್ದ ಅನುಭವವೆಂದರೆ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಏಕಾಂಕ ಆಡಿಸಿದ್ದು, ಅಷ್ಟೆ.

ನಮ್ಮ ನಿರ್ದೇಶಕರು ರಂಗಶಿಕ್ಷಣ ಪಡೆದು ಬಂದ ತರುಣ. ಮಾತು ಬಾಯಿಪಾಠ ಮಾಡಲು ಹೇಳುವ ಮೊದಲೇ ಅಭ್ಯಾಸಗಳನ್ನು ಕೊಟ್ಟರು. ಮೊದಲನೆಯದು, “ಮೇಡಂ, ನಿಮ್ಮೂರಿನಲ್ಲೇ ಒಬ್ಬ ಹೆಂಗಸನ್ನು ನೋಡಿಕೊಂಡು ಬನ್ನಿ” ಎಂಬುದು. ನಾನು ಸೂಪರ್ ಮಾರ್ಕೆಟ್‌ನಲ್ಲಿ ಕಮಲಾಪುರದ ಕಡೆಯಿಂದ ಬಂದು ಬಾಳೆಹಣ್ಣು ಮಾರುವ ಒಬ್ಬಳನ್ನು ಆರಿಸಿಕೊಂಡೆ. ಕಮಲಾಪುರದ ಕೆಂಪು ಬಾಳೆ ಹೆಸರುವಾಸಿ. ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದದ್ದು. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಬಾಗಿದ ಬೆನ್ನು, ತಲೆಯ ಮೇಲೆ ಸೆರಗು, ಎಲೆಯಡಿಕೆಯ ಬಾಯಿ, ಗಿರಾಕಿ ಕಂಡೊಡನೆ ಏರುವ ದನಿ, ಎದ್ದೇಳುವಾಗ ಮೊಣಕಾಲ ಮೇಲೆ ಊರುವ ಕೈ.

ಮರುದಿನ ಬಿಡುವಿನ ವೇಳೆಯಲ್ಲಿ ತರಗತಿಯ ಮಕ್ಕಳಿಗೆ ಅದನ್ನು ಮಾಡಿ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಹಿಗ್ಗಿದೆ. ಮೂರನೆಯ ಸಾಲಿನ ಒಬ್ಬ ಹುಡುಗಿ ಮಾತ್ರ ತಲೆ ಬಗ್ಗಿಸಿ ಪುಸ್ತಕದ ಹಾಳೆ ತಿರುವುತ್ತಿದ್ದಳು. ಅವಳ ತಾಯಿ ಅದೇ ಮಾರ್ಕೆಟ್‌ನಲ್ಲಿ ಬುಟ್ಟಿ ಇಟ್ಟು ಸೊಪ್ಪು ಮಾರುತ್ತಾಳೆಂದು ಆಮೇಲೆ ತಿಳಿಯಿತು. ನಾನು ತೋರಿಸಿದ್ದು ಅವಳ ತಾಯಿಯನ್ನಲ್ಲ, ನಿಜ. ಆದರೆ ಆ ಬೆನ್ನು, ಆ ಸೆರಗು ಅವಳ ಮನೆಯದೂ ಆಗಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ತಾಲೀಮಿನಲ್ಲಿ ಅದನ್ನೇ ಮಾಡಿದಾಗ ನಿರ್ದೇಶಕರು ನಗಲಿಲ್ಲ. “ನೋಡಿದ್ದನ್ನು ಸರಿಯಾಗಿ ತಂದಿದ್ದೀರಿ. ಆದರೆ ಅವಳಿಗೆ ಏನು ಬೇಕಾಗಿತ್ತು?” ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಈ ಒಂದು ಪ್ರಶ್ನೆಯನ್ನು ರಂಗದ ದೊಡ್ಡವರೆಲ್ಲ ಬೇರೆ ಬೇರೆ ದಾರಿಯಿಂದ ಕೇಳಿದ್ದಾರೆ. ರಷ್ಯದ ಸ್ತಾನಿಸ್ಲಾವ್‌ಸ್ಕಿ (1863–1938) ನಟನಿಗೆ ‘ಒಂದು ವೇಳೆ ನಾನು ಈ ಸ್ಥಿತಿಯಲ್ಲಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳಿಕೊಳ್ಳಲು ಹೇಳಿದ. ಗಮನಿಸಿ, ಏನು ಅನ್ನಿಸುತ್ತಿತ್ತು ಎಂದಲ್ಲ, ಏನು ಮಾಡುತ್ತಿದ್ದೆ ಎಂದು. ಜರ್ಮನಿಯ ಬ್ರೆಕ್ಟ್ (1898–1956) ಬೀದಿಯ ಉದಾಹರಣೆ ಕೊಟ್ಟ. ರಸ್ತೆಯಲ್ಲಿ ಅಪಘಾತ ಕಂಡವನು ಸುತ್ತ ನೆರೆದವರಿಗೆ ಅದನ್ನು ಮಾಡಿ ತೋರಿಸುತ್ತಾನೆ. ಅವನು ಚಾಲಕನೇ ಆಗಿಬಿಡಬೇಕಾಗಿಲ್ಲ, ನಡೆದದ್ದು ಹೇಗೆ ಎಂಬುದು ಜನಕ್ಕೆ ತಿಳಿದರೆ ಸಾಕು. ನಮ್ಮ ಭರತಮುನಿ ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿ, ಸತ್ತ್ವ ಹುಟ್ಟುವುದು ಮನಸ್ಸು ಒಂದೆಡೆ ನಿಂತಾಗ ಎಂದ. ನಾನು ತಂದದ್ದು ಮೊದಲ ಮೂರು ಮಾತ್ರ. ಆ ಹೆಂಗಸಿನ ಮನಸ್ಸು ಎಲ್ಲಿ ನಿಂತಿತ್ತು ಎಂಬುದನ್ನು ನಾನು ನೋಡಿಯೇ ಇರಲಿಲ್ಲ.

ಮತ್ತೆ ಹೋದೆ. ಈ ಸಲ ಕಟ್ಟೆಯ ಮೇಲಲ್ಲ, ಅವಳ ಪಕ್ಕದಲ್ಲಿಯೇ ಕುಳಿತೆ. “ಮೊನ್ನಿ ಏನೋ ಬರೀಲಕತ್ತಿದ್ರಿ ಅಕ್ಕೋರೆ, ಸರ್ಕಾರದ ಲೆಕ್ಕ ಏನ್ರಿ?” ಎಂದಳು. ನಾಚಿಕೆಯಾಯಿತು. ನಾಟಕದ ವಿಷಯ ಹೇಳಿದೆ. “ಹಂಗಾದ್ರ ಸುಮ್ಮ ಕುಂದ್ರಬ್ಯಾಡ್ರಿ, ಈ ಹಣ್ಣ ಜೋಡಸ್ರಿ” ಎಂದು ಒಂದು ಚಿಪ್ಪು ನನ್ನ ಕೈಗೆ ಕೊಟ್ಟಳು.

ಜೋಡಿಸುವಾಗ ತಿಳಿಯಿತು. ಇಂದೇ ಹೋಗಬೇಕಾದ ಹಣ್ಣು ಮುಂದೆ, ನಾಳೆಗೆ ತಡೆಯುವಂಥದು ಹಿಂದೆ, ಕಲೆ ಬಿದ್ದದ್ದು ಅಡಿಗೆ. ಗಿರಾಕಿಯೊಡನೆ ಚೌಕಾಸಿ ಮಾಡುತ್ತಲೇ ಅವಳ ಕಣ್ಣು ಬಿಸಿಲಿನ ಮೇಲಿರುತ್ತಿತ್ತು. ಊರಿಗೆ ಹೋಗುವ ಬಸ್ಸು ತಪ್ಪಿದರೆ ಮನೆ ಸೇರುವುದು ರಾತ್ರಿಗೆ. ಉಳಿದ ಹಣ್ಣು ಹೊತ್ತು ಹೋದರೆ ಬಸ್ಸಿನಲ್ಲಿ ನಜ್ಜುಗುಜ್ಜು. ಬಿಸಿಲು ಇಳಿದಂತೆ ದರವೂ ಇಳಿಯುತ್ತಿತ್ತು, ದನಿ ಏರುತ್ತಿತ್ತು. ನಾನು ‘ಗಿರಾಕಿ ಕಂಡೊಡನೆ ಏರುವ ದನಿ’ ಎಂದು ಬರೆದುಕೊಂಡದ್ದು ಅವಳ ಸ್ವಭಾವವಲ್ಲ, ಬಸ್ಸಿನ ವೇಳೆ! ಮೊಣಕಾಲ ಮೇಲೆ ಊರುವ ಕೈ ಕೂಡ ಮುಪ್ಪಿನದಲ್ಲ. ನನಗಿಂತ ಅವಳು ಚಿಕ್ಕವಳು. ಬೆಳಗಿನಿಂದ ಕುಕ್ಕರಗಾಲಿನಲ್ಲಿ ಕುಳಿತವರು ಯಾರಾದರೂ ಹಾಗೆಯೇ ಏಳುವುದು. ಒಂದು ಗಂಟೆಯಲ್ಲಿ ನಾನೂ ಹಾಗೆಯೇ ಎದ್ದೆ.

ಅಲ್ಲಿಂದ ಬಂದು ‘ಒಡಲಾಳ’ ಮತ್ತೆ ಓದಿದೆ. ನಾನು ಅಲ್ಲಿಯವರೆಗೆ ಸಾಕವ್ವನ ಬಡತನವನ್ನು, ಸಂಕಟವನ್ನು, ಮುಪ್ಪನ್ನು ಅಭಿನಯಿಸಲು ಒದ್ದಾಡುತ್ತಿದ್ದೆ. ಸಾಕವ್ವ ಅದೇನನ್ನೂ ಮಾಡುತ್ತಿಲ್ಲ. ಅವಳು ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಿದ್ದಾಳೆ. ಬಡತನ ನೋಡುವವರಿಗೆ ಕಾಣುತ್ತದೆ. ಅವಳಿಗೆ ಕಾಣುವುದು, ಅಥವಾ ಕಾಣದೆ ಇರುವುದು, ಹುಂಜ. ರಾತ್ರಿ ಇಡೀ ಮನೆ ಕುಳಿತು ಕಡಲೆಕಾಯಿ ತಿನ್ನುವ ಭಾಗವೂ ಹಾಗೆಯೇ. ಕದ್ದ ಮಾಲು ಬೆಳಗಾಗುವುದರೊಳಗೆ ಮುಗಿಯಬೇಕು, ಜೊತೆಗೆ ಹಸಿವೂ ಇದೆ, ಸಂತೋಷವೂ ಇದೆ. ‘ಪಾಪ, ಹಸಿದವರು’ ಎಂಬ ಮುಖ ಮಾಡಿಕೊಂಡು ಅದನ್ನು ಆಡಿದರೆ ಆ ಮನೆಯ ಸಂಭ್ರಮವೇ ಸತ್ತುಹೋಗುತ್ತದೆ. ಮರುದಿನ ಪೊಲೀಸರು ಬಂದಾಗ ಪ್ರೇಕ್ಷಕರ ಎದೆ ಹಿಂಡಬೇಕಾದರೆ ಹಿಂದಿನ ರಾತ್ರಿ ಅವರು ಆ ಮನೆಯವರ ಜೊತೆ ಕಡಲೆಕಾಯಿ ತಿಂದಿರಬೇಕು.

ಇನ್ನೊಂದು ತೊಡಕು ಮಾತಿನದು. ದೇವನೂರರು ನಂಜನಗೂಡಿನ ಕಡೆಯವರು. ಸಾಕವ್ವನ ನುಡಿ ನಮಗೆ ಕನ್ನಡದ ಇನ್ನೊಂದು ತುದಿ. ಮೊದಮೊದಲು ನಾವು ಆ ರಾಗವನ್ನಷ್ಟೇ ಹಿಡಿದು ಎಳೆಯುತ್ತಿದ್ದೆವು. ಅರ್ಥ ದಾರಿಯಲ್ಲೇ ಉದುರುತ್ತಿತ್ತು. ಆಗ ನಿರ್ದೇಶಕರು ಒಂದು ವಾರ ಪುಸ್ತಕ ಮುಚ್ಚಿಸಿದರು. ದೃಶ್ಯವನ್ನು ನಮ್ಮ ಕಲಬುರಗಿಯ ಮಾತಿನಲ್ಲಿಯೇ, ಬಾಯಿಗೆ ಬಂದಂತೆ ಆಡಬೇಕು. “ನನ್ ಹುಂಜ ಎಲ್ಲಿ ಅದ?” ಎಂದು ನಾನು ಕೇಳಿದಾಗ ಮೊದಲ ಬಾರಿ ಎದುರಿನವರು ನಿಜವಾಗಿ ಉತ್ತರ ಹುಡುಕಿದರು. ಆಮೇಲೆ ಮೂಲದ ಮಾತಿಗೆ ಮರಳಿದೆವು. ಉಚ್ಚಾರ ಕೊನೆಯವರೆಗೂ ಪೂರ್ತಿ ಹಿಡಿತಕ್ಕೆ ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಯಾವ ಮಾತು ಯಾರಿಗೆ, ಯಾಕೆ ಎಂಬುದು ತಪ್ಪಲಿಲ್ಲ.

ಮೂರನೆಯ ಅಭ್ಯಾಸ ಪ್ರಶ್ನೆಯ ಕುರ್ಚಿ. ಪಾತ್ರಧಾರಿ ಕುರ್ಚಿಯಲ್ಲಿ ಕೂರಬೇಕು, ಉಳಿದವರು ಕೇಳಿದ್ದಕ್ಕೆಲ್ಲ ಪಾತ್ರವಾಗಿಯೇ ಉತ್ತರಿಸಬೇಕು. ಈ ಅಭ್ಯಾಸದ ಬಗ್ಗೆ ನನಗೆ ಒಂದು ತಕರಾರಿದೆ. ನಮ್ಮಂಥ ಓದಿದವರ ಗುಂಪಿನಲ್ಲಿ ಪ್ರಶ್ನೆಗಳು ‘ನಿನಗೆ ಅನ್ಯಾಯವಾಗಿದೆ ಅನ್ನಿಸುತ್ತದೆಯೆ?’ ಎಂಬ ದಾಟಿಗೆ ಜಾರುತ್ತವೆ, ಉತ್ತರಗಳು ಭಾಷಣವಾಗುತ್ತವೆ. ಪಾತ್ರಕ್ಕಿಂತ ಕೇಳುವವರ ಒಳ್ಳೆಯತನವೇ ಬೆಳೆಯುತ್ತದೆ.

ಅದಕ್ಕೇ ಆ ಕುರ್ಚಿಯನ್ನು ತರಗತಿಗೆ ಒಯ್ದೆ. ಮೊದಲು, ಅವತ್ತು ನಾನು ಮಾಡಿ ತೋರಿಸಿದ್ದು ತಪ್ಪು ಎಂದು ಮಕ್ಕಳೆದುರು ಹೇಳಿದೆ. ಸುಲಭವಾಗಿರಲಿಲ್ಲ, ಟೀಚರ್ ಆದವರಿಗೆ ಗೊತ್ತು. ನಂತರ ಕಥೆ ಹೇಳಿ, ಸಾಕವ್ವನಾಗಿ ಕುಳಿತೆ. ಬಹಳ ಹೊತ್ತಿನ ಮೇಲೆ ಮೂರನೆಯ ಸಾಲಿನ ಆ ಹುಡುಗಿ ಕೈ ಎತ್ತಿದಳು. “ನೀ ಹುಂಜ ಹುಡುಕ್ಲಾಕ ಹೋದಾಗ ಮನಿಯಾಗ ಒಲಿ ಯಾರ್ ನೋಡ್ತಿದ್ರು?” ನಾಲ್ಕು ವಾರದ ತಾಲೀಮಿನಲ್ಲಿ ನಾವು ಯಾರೂ ಕೇಳದಿದ್ದ ಪ್ರಶ್ನೆ. ಉತ್ತರ ಹೊಳೆಯಲಿಲ್ಲ. ಅವಳು ನಗಲಿಲ್ಲ, ಬೇಸರಿಸಲೂ ಇಲ್ಲ. ಕಾದಳು. ಮರುದಿನದ ತಾಲೀಮಿನಿಂದ ನನ್ನ ಸಾಕವ್ವ ಊರೆಲ್ಲ ಅಲೆಯುವಾಗಲೂ ಆಗಾಗ ಮನೆಯ ಕಡೆ ಹೊರಳಿ ನೋಡತೊಡಗಿದಳು.

ಪ್ರಯೋಗ ಹೇಗಾಯಿತು ಎಂದು ನೀವು ಕೇಳಬಹುದು. ಸಾಧಾರಣವಾಗಿಯೇ ಆಯಿತು. ಒಂದು ಕಡೆ ಮಾತು ಮರೆತೆ. ಉಮಾಶ್ರೀಯವರ ಹತ್ತಿರಕ್ಕೂ ಹೋಗಲಿಲ್ಲ. ಆದರೆ ಅಂದಿನಿಂದ ನಾಟಕ ನೋಡುವ ನನ್ನ ಕಣ್ಣು ಬದಲಾಗಿದೆ. ರಂಗದ ಮೇಲೆ ಕೆಲಸದವಳು, ಹಳ್ಳಿಯ ಮುದುಕಿ, ತರಕಾರಿಯವಳು ಬಂದೊಡನೆ ಸಭೆ ನಗುತ್ತದೆ. ನಟಿ ಬೆನ್ನು ಬಗ್ಗಿಸಿದಷ್ಟೂ ಚಪ್ಪಾಳೆ. ಶಾಲಾ ವಾರ್ಷಿಕೋತ್ಸವಗಳಲ್ಲಂತೂ ಇದನ್ನು ನಾವೇ ಕಲಿಸುತ್ತೇವೆ. ಆಗ ನಾನು ಒಂದನ್ನೇ ಗಮನಿಸುತ್ತೇನೆ: ಈ ಹೆಂಗಸಿಗೆ ಈಗ ಏನು ಬೇಕು ಎಂದು ಆಡುವವಳಿಗೆ ಗೊತ್ತಿದೆಯೇ? ಗೊತ್ತಿದ್ದರೆ ನಗು ಬಂದರೂ ಅದು ಅವಳ ಜೊತೆಯ ನಗು. ಇಲ್ಲದಿದ್ದರೆ ಅಷ್ಟು ದಿನದ ತಾಲೀಮು ಅಣಕಕ್ಕೆ ಹಿಡಿದ ಸಾಣೆ.

ಈಗಲೂ ಸೂಪರ್ ಮಾರ್ಕೆಟ್‌ಗೆ ಹೋದಾಗ ಅವಳ ಬಳಿಯೇ ಹಣ್ಣು ಕೊಳ್ಳುತ್ತೇನೆ. ಬಿಸಿಲು ಇಳಿಯುವ ಹೊತ್ತಾಗಿದ್ದರೆ ಚೌಕಾಸಿ ಮಾಡುವುದಿಲ್ಲ.